ಸರಪಳಿ ಬೀಳುವಾಗ ತಕ್ಕಡಿ ಎಷ್ಟು ತೋರಿಸುತ್ತದೆ?

1 ಮೀಟರ್ ಉದ್ದ, 2 ಕಿಲೋ ತೂಕದ ಸರಪಳಿಯನ್ನು ನೆಟ್ಟಗೆ ಇಳಿಬಿಟ್ಟು ಹಿಡಿದು, ಕೆಳತುದಿ ತಕ್ಕಡಿಯ ತಟ್ಟೆಗೆ ತಾಗಿರುವಾಗ ಕೈಬಿಟ್ಟರೆ, 40 ಸೆಂ.ಮೀ. ಬಿದ್ದ ಗಳಿಗೆಯಲ್ಲಿ ತಕ್ಕಡಿ ಎಷ್ಟು ತೋರಿಸಬೇಕು ಅಂತ ಕೇಳಿದ್ದೀರಿ. ನೀವು ಹೇಳಿದ 0.8 ಕಿಲೋ ಅರ್ಧಂಬರ್ಧ ಉತ್ತರ ಮಾತ್ರ, ಅದು ಆಗಲೇ ತಟ್ಟೆಯಲ್ಲಿ ಬಿದ್ದುಕೊಂಡ ಭಾಗದ ತೂಕ.

ಆ ಗಳಿಗೆಯಲ್ಲಿ ತಟ್ಟೆಗೆ ಬಡಿಯುವ ಕೊಂಡಿ ಒಂದು ಉಂಟಲ್ಲ, ಅದನ್ನು ಬಿಟ್ಟಿದ್ದೀರಿ. ಅದು 40 ಸೆಂ.ಮೀ. ಬಿದ್ದು ಬಂದದ್ದು. ಗುರುತ್ವದ ವೇಗೋತ್ಕರ್ಷ 9.8 ಹಿಡಿದರೆ ವೇಗದ ವರ್ಗ 2 × 9.8 × 0.4 = 7.84, ಅಂದರೆ ವೇಗ ಸೆಕೆಂಡಿಗೆ 2.8 ಮೀಟರ್. ಮೀಟರಿಗೆ 2 ಕಿಲೋ ಲೆಕ್ಕದಲ್ಲಿ ಸೆಕೆಂಡಿಗೆ 5.6 ಕಿಲೋ ದರದಲ್ಲಿ ಬಂದು ನಿಲ್ಲುತ್ತಿದೆ. ಅದನ್ನು ನಿಲ್ಲಿಸಲು ಬೇಕಾದ ಬಲ 5.6 × 2.8 = 15.68 ನ್ಯೂಟನ್, 9.8ರಿಂದ ಭಾಗಿಸಿದರೆ ತಕ್ಕಡಿಯ ಲೆಕ್ಕದಲ್ಲಿ 1.6 ಕಿಲೋ. ಬಿದ್ದುಕೊಂಡ 0.8 ಸೇರಿ ಒಟ್ಟು 2.4. ಬಿದ್ದ ಭಾಗದ ಮೂರು ಪಟ್ಟು, ಯಾವ ಗಳಿಗೆ ಹಿಡಿದರೂ ಅಷ್ಟೇ. ಕೊನೆಯ ಕೊಂಡಿ ತಾಗುವಾಗ 6 ಕಿಲೋ, ಮರುಕ್ಷಣ 2.

ಇಲ್ಲಿ ಶಕ್ತಿ ಸಂರಕ್ಷಣೆ ಹಾಕಲು ಹೋಗಬೇಡಿ. ಪ್ರತಿ ಕೊಂಡಿಯೂ ಪುಟಿಯದೆ ನಿಲ್ಲುವುದರಿಂದ ಚಲನ ಶಕ್ತಿ ಶಾಖವಾಗಿ, ಸದ್ದಾಗಿ ಹೋಗುತ್ತದೆ.

ಮಲ್ಪೆಯಲ್ಲಿ ಮೀನು ತೂಗುವ ಡಿಜಿಟಲ್ ತಕ್ಕಡಿಯಲ್ಲಿ ನೋಡಬಹುದಾ ಅಂದಿರಿ. ಸರಪಳಿ ಪೂರ್ತಿ ಬೀಳಲು 0.45 ಸೆಕೆಂಡ್ ಸಾಕು, ಅಂಕೆ ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಾಣುವುದು 2 ಕಿಲೋ ಮಾತ್ರ ಮಾರಾಯ್ರೆ. ಕಾಲೇಜು ಲ್ಯಾಬಿನಲ್ಲಿ ಕಂಪ್ಯೂಟರಿಗೆ ಜೋಡಿಸುವ ಬಲಮಾಪಕ ಇದ್ದರೆ ಕೇಳಿ.