ಹಾಲು ಕರೆಯುವುದನ್ನೇ ಬಿಟ್ಟ ಆಶಾ ಕಾರ್ಯಕರ್ತೆ

ಸಕಲೇಶಪುರ ಕಡೆಯ ಒಂದು ಊರು, 2021ರ ಕೋವಿಡ್ ಎರಡನೇ ಅಲೆ. ಆಶಾ ಕಾರ್ಯಕರ್ತೆ, ಮನೆಯಲ್ಲಿ ಗಂಡ, ಮಗ, ಎರಡು ಹಸು. ಆಪ್ತಸಲಹೆಗೆ ನನ್ನ ಬಳಿ ಬಂದವರು; ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇಂಥದ್ದೇ ನೋವು ಹೊತ್ತು ಬರುವವರು ಇನ್ನೂ ನಿಂತಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದೇ ಇಲ್ಲ, ಆದರೂ ಅದರ ಕೆಲಸಕ್ಕೆ ಹೋದವರನ್ನು ಅಂಗಳದಿಂದಲೇ ಅಟ್ಟುವವರಿದ್ದಾರೆ.

ಸೋಂಕಿತರನ್ನು ಮನೆಯಲ್ಲಿ ಬಿಡದೆ ಕೋವಿಡ್ ಕೇರ್ ಸೆಂಟರಿಗೆ ಕಳಿಸಲು ಶುರುವಾದಾಗ ಒಬ್ಬರು ಊರಿನ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದರು: "ಕೇಸಿಗಿಷ್ಟು ಅಂತ ದುಡ್ಡು ಸಿಗುತ್ತೆ, ಅದಕ್ಕೇ ಇವಳು ನಮ್ಮ ಹೆಸರು ಕೊಟ್ಟಿದ್ದು." ಆಮೇಲೆ ಡೈರಿಯಲ್ಲಿ ಇವರ ಕ್ಯಾನು ಎಲ್ಲರದ್ದೂ ಮುಗಿದ ಮೇಲೆ. ಕೆಲವು ಮನೆಗಳಲ್ಲಿ ಆಕ್ಸಿಮೀಟರಿಗೆ ಬೆರಳು ಕೊಡಲಿಲ್ಲ. "ತಪ್ಪಾಯ್ತು ಅಂದುಬಿಡು, ಮುಗೀತದೆ" ಎಂದರು ಗಂಡ.

ನಿದ್ದೆಯಿಲ್ಲ ಎಂದು ಬಂದಿದ್ದರು. ದಿನಚರಿ ಕೇಳುತ್ತಾ "ಹಸು ಯಾರು ಕರೀತಾರೆ?" ಎಂದೆ.

"ಮಗ ಕರೀತಾನೆ ಮೇಡಂ. ನಾನು ಕೆಚ್ಚಲು ಮುಟ್ಟಲ್ಲ. ನನ್ನ ಕೈಯಿಂದ ಊರಿಗೆಲ್ಲ ಹೋಗೋದು ಬೇಡ."

ಬೆರಳ ಸಂದಿಗಳು ಸ್ಯಾನಿಟೈಸರಿಗೆ ಬಿರಿದು ಬೆಳ್ಳಗಾಗಿದ್ದವು. ಊರು ಆಡಿದ್ದನ್ನು ಅವರೂ ನಂಬಿಬಿಟ್ಟಿದ್ದರು. ಇಂಥವರಿಗೆ "ತಾಳ್ಮೆ ಇರಲಿ, ಜನ ಮರೀತಾರೆ" ಎಂದರೆ ಆ ನಂಬಿಕೆಗೆ ನಾವೂ ಸಹಿ ಹಾಕಿದಂತೆ.

ಮೊದಲು ತೊಳೆಯುವುದಕ್ಕೆ ಒಂದು ಮಿತಿ ಹಾಕಿದೆ. ಮನೆಗೆ ಬಂದ ಕೂಡಲೇ ಬಟ್ಟೆ ಸೋಪಿನ ನೀರಿಗೆ, ಸ್ನಾನ, 20 ಸೆಕೆಂಡ್ ಸೋಪಿನಲ್ಲಿ ಕೈತೊಳೆತ, ಅಲ್ಲಿಗೆ ಸಾಕು. ಮತ್ತೆ ಮತ್ತೆ ತೊಳೆದಷ್ಟೂ ಭಯಕ್ಕೇ ಬಲ. ಜ್ವರ, ಕೆಮ್ಮು ಇಲ್ಲದಿದ್ದರೆ ಮಾಸ್ಕ್ ಹಾಕಿ ಸಂಜೆ ಹಾಲು ಅವರೇ ಕರೆಯಬೇಕು.

ಎರಡನೆಯದು ದೂರು. ಠಾಣೆಯ ದಾರಿ ತೋರಿಸುವುದು ಆಪ್ತಸಲಹೆಯೇ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ಕಾಯಿಲೆ ಈಕೆಯದಲ್ಲ, ಸುತ್ತಲಿನವರ ನಡತೆಯದು. ಬರೀ ಈಕೆಯ ಮನಸ್ಸನ್ನು ರಿಪೇರಿ ಮಾಡಿ ಅದೇ ಬೀದಿಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

2020ರಲ್ಲಿ ತಿದ್ದುಪಡಿಯಾದ ಕೇಂದ್ರದ ಸಾಂಕ್ರಾಮಿಕ ರೋಗಗಳ ಕಾಯ್ದೆ ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಆರೋಗ್ಯ ಸಿಬ್ಬಂದಿಯ ಬದುಕಿಗೆ, ಕೆಲಸಕ್ಕೆ ತೊಂದರೆ ಮಾಡಿ ಕರ್ತವ್ಯ ತಡೆಯುವ ಕಿರುಕುಳವೂ ಸೇರುತ್ತದೆ. ಶಿಕ್ಷೆ 3 ತಿಂಗಳಿಂದ 5 ವರ್ಷ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಅರ್ಜಿಗಳು ಸೋಲುವುದು "ಕರ್ತವ್ಯ ತಡೆ" ಎಂಬಲ್ಲಿ. "ಬೈದರು, ಅವಮಾನವಾಯಿತು" ಎಂದಷ್ಟೇ ಬರೆದರೆ ಬುದ್ಧಿ ಹೇಳಿ ಕಳಿಸುತ್ತಾರೆ. ಯಾವ ತಾರೀಖು, ಯಾವ ಮನೆಯ ಭೇಟಿ ನಿಂತಿತು, ಯಾರ ಆಮ್ಲಜನಕ ಮಟ್ಟ ನೋಡಲಾಗಲಿಲ್ಲ, ಆಡಿದ ಮಾತು ಅದೇ ಪದಗಳಲ್ಲಿ, ಪಕ್ಕದಲ್ಲಿದ್ದವರು ಯಾರು, ಎಲ್ಲ ಬೇಕು. ವಾಯ್ಸ್ ಮೆಸೇಜ್ ಅಳಿಸಬಾರದು. ಗುಂಪಿನ ಹೆಸರು, ಕಳಿಸಿದವರ ನಂಬರು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಸಿಟ್ಟಿನಿಂದ ಗುಂಪು ಬಿಟ್ಟರೆ ಮುಂದಿನ ಪುರಾವೆ ಕೈತಪ್ಪುತ್ತದೆ.

ಅರ್ಜಿ ಎರಡು ಪ್ರತಿ, ಒಂದರ ಮೇಲೆ ಸೀಲು, ಸಹಿ. ಒಂಟಿಯಾಗಿ ಹೋಗದೆ ವೈದ್ಯಾಧಿಕಾರಿಯ ಪತ್ರದೊಂದಿಗೆ ಹೋಗಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್.

ಇವರು ಠಾಣೆಗೆ ಒಪ್ಪಲಿಲ್ಲ, "ಅದೇ ಊರಲ್ಲಿ ಬಾಳಬೇಕಲ್ಲ ಮೇಡಂ." ನಾನು ಒತ್ತಾಯಿಸಲಿಲ್ಲ. ಅದೇ ಅರ್ಜಿ ಗ್ರಾಮ ಪಂಚಾಯಿತಿಯ ಕೋವಿಡ್ ಕಾರ್ಯಪಡೆಗೆ ಹೋಯಿತು. ಪಿಡಿಒ, ವೈದ್ಯಾಧಿಕಾರಿ ಬೆಳಿಗ್ಗೆ ಡೈರಿಗೇ ಬಂದು ನಿಂತ ಮೇಲೆ ಕ್ಯಾನು ಸಾಲಿಗೆ ಸೇರಿತು. ಮೆಸೇಜ್ ಹಾಕಿದವರು ತಪ್ಪೊಪ್ಪಲಿಲ್ಲ. ಇವರೂ ತಪ್ಪಾಯ್ತು ಎನ್ನಲಿಲ್ಲ. ಹಾಲು ಕರೆಯಲು ಕೂತಿದ್ದು ಮಾತ್ರ ಅದಕ್ಕೂ ಮೊದಲೇ. ನಿದ್ದೆ ಸರಿಹೋಗಲು ಇನ್ನೂ ಸಮಯ ಹಿಡಿಯಿತು. ಅಂಥ ರಾತ್ರಿಗಳಿಗೆ ಈಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.