‘ಹೂಂ’ ಅಂದದ್ದು ಫೋನ್ ಇಡ್ಲಿಕ್ಕೆ

ನನ್ನ ಹಳೇ ನೋಟ್‌ಪುಸ್ತಕದ ಒಂದು ಪುಟದ ಕೊನೆಯಲ್ಲಿ ಹೀಗೆ ಬರೆದಿದೆ: ‘ಸಲಹೆ ಕೊಟ್ಟೆ. ಒಪ್ಪಿದರು. 14 ನಿಮಿಷ.’ ನಡುವಿನ ಮಾತು ಸುಳ್ಳು. ಬೇಕೂಂತ ಬರೆದ ಸುಳ್ಳಲ್ಲ, ಆಗ ನನಗೆ ಕೇಳಿಸಿದ್ದೇ ಹಾಗೆ.

ಕಾಸರಗೋಡಿನಲ್ಲಿ ನಾವು ಕೆಲವರು ಸೇರಿ, ಮನಸ್ಸಿನ ಕಷ್ಟ ಹೇಳಿಕೊಳ್ಳುವವರಿಗೆ ಒಂದು ಸಣ್ಣ ಸಹಾಯವಾಣಿ ನಡೆಸುತ್ತೇವೆ. ಸಂಜೆ ಐದರಿಂದ ಒಂಬತ್ತು. ಒಂದು ಕೋಣೆ, ಎರಡು ಫೋನ್. ಮಲಯಾಳದ ಕರೆ ಬಂದರೆ ಉಳಿದವರು ಎತ್ತಿಕೊಳ್ಳುತ್ತಾರೆ. ಕನ್ನಡ, ತುಳು ನನ್ನ ಪಾಲು. ಮೂವತ್ತು ವರ್ಷ ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಪಾಠ ಮಾಡಿ ಅಭ್ಯಾಸವಾದವರಿಗೆ ಸುಮ್ಮನಿರುವುದು ಬಹಳ ಕಷ್ಟ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಪ್ರಕರಣದಲ್ಲಿ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲಾ ಅಂತ ಕರೆ ಮಾಡಿದವರನ್ನೇ ಕೇಳಿದೆ. ‘ಹೂಂ’ ಅಂದರು. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿದೆ. ಯಾಕೆ ಹಾಗೆ ಅಂತ ಮುಂದೆ ಗೊತ್ತಾಗುತ್ತದೆ.

ಚಂದ್ರಗಿರಿ ಹೊಳೆಯಿಂದ ಈಚೆಗೆ, ಒಂದು ಅಡಿಕೆ ತೋಟದ ಮನೆ. ನಲವತ್ತು ದಾಟಿದ ಹೆಂಗಸು. ಗಂಡನಿಗೆ ಪೇಟೆಯಲ್ಲಿ ಅಂಗಡಿ, ಮನೆಗೆ ಬರುವುದು ರಾತ್ರಿ. ಮಗ ಮಂಗಳೂರಿನಲ್ಲಿ ಓದುತ್ತಾನೆ. ಅತ್ತೆ ಪಕ್ಷವಾತವಾಗಿ ಹಾಸಿಗೆ ಹಿಡಿದು ಎರಡು ವರ್ಷ. ಇಷ್ಟು ಸಾಕು.

ಮೊದಲ ಕರೆಯಲ್ಲಿ ಅವರು ಕೇಳಿದ್ದು, ‘ಇದು ಮಂಡೆಬೆಚ್ಚಕ್ಕೆಲ್ಲ ಮಾತಾಡುವ ನಂಬರಾ?’ ಹೌದು ಅಂದೆ. ನನ್ನ ಹೆಸರು ಹೇಳಿದೆ. ‘ನಿಮ್ಮ ಹೆಸರು?’ ಅಂತ ಕೇಳಿದೆ. ನಮ್ಮ ಫಾರ್ಮಿನಲ್ಲಿ ಮೊದಲ ಗೆರೆಯೇ ಅದು.

‘ಸ್ವರ ಸರಿ ಕೇಳುದಿಲ್ಲ.’

ಗಟ್ಟಿಯಾಗಿ ಇನ್ನೊಮ್ಮೆ ನನ್ನ ಹೆಸರು ಹೇಳಿದೆ. ‘ಹ್ಞಾಂ, ಈಗ ಕೇಳ್ತದೆ’ ಅಂದರು. ಮಾತು ಮುಂದೆ ಹೋಯಿತು. ಅವರ ಹೆಸರು ಬರಲೇ ಇಲ್ಲ. ನಾನು ಲೈನ್ ಸರಿ ಇಲ್ಲ ಅಂತ ಬರೆದುಕೊಂಡೆ.

ಆಮೇಲೆ ಸಮಾಜಶಾಸ್ತ್ರ ಓದಿದ ನನ್ನ ಅಣ್ಣನ ಮಗಳು ಈ ಪುಟ ನೋಡಿ ನಕ್ಕಳು. ‘ಅತ್ತೆ, ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲೂ ಇದೇ ಆಗಿದೆ’ ಅಂದಳು. ಹಾರ್ವೆ ಸ್ಯಾಕ್ಸ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ. 1963-64ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆತ್ಮಹತ್ಯೆ ತಡೆಯುವ ಕೇಂದ್ರಕ್ಕೆ ಬಂದ ಕರೆಗಳ ಟೇಪುಗಳನ್ನು ಕೂತು ಕೇಳಿದವನು. ಅಲ್ಲಿನ ಸಿಬ್ಬಂದಿ ಕರೆ ಎತ್ತಿ ತಮ್ಮ ಹೆಸರು ಹೇಳುತ್ತಿದ್ದರು. ಹಾಗೆ ಹೇಳಿದರೆ ಆಚೆಯವರೂ ತಮ್ಮ ಹೆಸರು ಹೇಳುವುದು ರೂಢಿ. ಒಂದು ಕರೆಯಲ್ಲಿ ಮಾತ್ರ ಆಚೆಯವನು ‘ನೀವು ಹೇಳಿದ್ದು ಕೇಳಿಸಲಿಲ್ಲ’ ಅಂದ. ಹೆಸರು ಹೇಳಬೇಕಾದ ಜಾಗ ಅಷ್ಟರಲ್ಲಿ ದಾಟಿಹೋಯಿತು. ಹೆಸರು ಹೇಳುವುದಿಲ್ಲ ಅಂತ ಅವನು ಅನ್ನಲೇ ಇಲ್ಲ, ಆದರೂ ಕೆಲಸ ಆಯಿತು. ಮಾತುಕತೆಯ ಅಧ್ಯಯನ (ಕಾನ್ವರ್ಸೇಶನ್ ಅನಾಲಿಸಿಸ್) ಅಂತ ಇವತ್ತು ಏನು ನಡೆಯುತ್ತಿದೆಯೋ, ಅದರ ಬೇರು ಈ ಟೇಪುಗಳಲ್ಲಿ ಇದೆಯಂತೆ.

ನಮ್ಮ ಕಡೆ ಹೆಸರು ಅಂದರೆ ಬರೀ ಹೆಸರಲ್ಲ. ಹೆಸರು ಹೇಳಿದರೆ ‘ಎಲ್ಲಿ ಆಯ್ತು?’ ಅಂತ ಬರುತ್ತದೆ. ಆಮೇಲೆ ‘ಯಾರ ಮನೆ?’. ನಾಲ್ಕನೇ ಪ್ರಶ್ನೆಗೆ ಬರುವಾಗ ನೆಂಟಸ್ತಿಕೆಯೇ ಸಿಕ್ಕಿರುತ್ತದೆ. ಪಾಪ, ಅವರಿಗೆ ಸ್ವರ ಕೇಳದೆ ಬೇರೆ ದಾರಿ ಎಲ್ಲಿತ್ತು? ಈಗ ನಾನು ಹೆಸರು ಕೇಳುವುದಿಲ್ಲ. ಫಾರ್ಮಿನ ಮೊದಲ ಗೆರೆ ಖಾಲಿ ಇರಲಿ.

ಆ ದಿನ ಅವರು ಹೇಳಿದ್ದು ನಿದ್ದೆ ಇಲ್ಲ, ಸುಸ್ತು, ಅತ್ತೆಯ ಚಾಕರಿ ಒಬ್ಬಳೇ ಮಾಡಬೇಕು ಅಂತ. ನಾನು ಶುರು ಮಾಡಿದೆ. ನಾದಿನಿಯ ಹತ್ತಿರ ಒಂದು ತಿಂಗಳು ನೋಡಿಕೊಳ್ಳಲು ಹೇಳಿ. ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ. ಮಲಗುವ ಮೊದಲು ಮೊಬೈಲ್ ಬೇಡ. ಹೋಮ್ ನರ್ಸ್ ಸಿಗುತ್ತಾರಾ ವಿಚಾರಿಸಿ. ಮೂರು ನಿಮಿಷದಲ್ಲಿ ನಾಲ್ಕು ಸಲಹೆ.

‘ಹೂಂ.’ ‘ಹೂಂ.’ ‘ಹೂಂ.’ ‘ಹೂಂ... ನೋಡುವ.’

‘ಬೇರೆ ಏನೂ ಇಲ್ಲ ಅಲ್ವಾ?’ ಅಂದೆ. ‘ಇಲ್ಲ ಟೀಚರೇ’ ಅಂದರು. ಒಪ್ಪಿದರು ಅಂತ ಬರೆದೆ.

ಹನ್ನೊಂದು ದಿನ ಕಳೆದು ಮತ್ತೆ ಅದೇ ಸ್ವರ.

‘ಟೀಚರೇ, ಅವತ್ತು ನಾನು ಹೂಂ ಹೂಂ ಅಂದದ್ದು ಫೋನ್ ಇಡ್ಲಿಕ್ಕೆ. ಬೇಜಾರ ಮಾಡ್ಬೇಡಿ.’

ಬೇಜಾರ ಆಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಉತ್ತರ ಕೊಡಲಿಕ್ಕೆ ಎಂತದೂ ಹೊಳೆಯಲಿಲ್ಲ. ಜಾಣತನದಿಂದ ಸುಮ್ಮನಾದದ್ದಲ್ಲ, ಬಾಯಿ ಕಟ್ಟಿತು. ಆಚೆ ಕುಕ್ಕರಿನ ಒಂದು ಸೀಟಿ ಕೇಳಿಸಿತು. ನಾನು ಕಾದೆ. ಅವರೂ ಮಾತಾಡಲಿಲ್ಲ. ಫೋನಿನಲ್ಲಿ ಅಷ್ಟು ಹೊತ್ತು ಯಾರೂ ಮಾತಾಡದಿದ್ದರೆ ‘ಹಲೋ, ಹಲೋ’ ಅನ್ನುವುದು ನನ್ನ ರೂಢಿ. ಅದನ್ನೂ ನುಂಗಿಕೊಂಡೆ. ಎರಡನೇ ಸೀಟಿ ಆಯಿತು.

‘ಅತ್ತೆಯ ಬಟ್ಟೆ ಒದ್ದೆ ಆಗಿತ್ತು. ನನಗೆ ಗೊತ್ತಿತ್ತು. ಬದಲಿಸ್ಲಿಲ್ಲ. ಮೂರು ಗಂಟೆ ಹೊತ್ತು. ಬೇಕೂಂತಲೇ.’

ಇದೇ ಅವರಿಗೆ ಮೊದಲ ದಿನ ಹೇಳಲಿಕ್ಕಿದ್ದದ್ದು. ನಾನು ನಡಿಗೆ, ಮೊಬೈಲ್ ಅಂತ ಹೇಳುತ್ತಾ ಹೋದೆ.

ಮೂರನೇ ಸೀಟಿಗೆ ಅವರು ಎದ್ದು ಹೋಗಿ ಗ್ಯಾಸ್ ಆಫ್ ಮಾಡಿ ಬಂದರು. ನಾನು ಕೇಳಿದೆ, ‘ಅವತ್ತು ನಿಮ್ಮ ಊಟ ಎಷ್ಟು ಗಂಟೆಗೆ ಆಯ್ತು?’

‘ಊಟ... ಮಾಡಿದ್ನಾ? ಇಲ್ಲ. ಬೆಳಿಗ್ಗೆಯಿಂದ ನಾಲ್ಕು ಸರ್ತಿ ಬಟ್ಟೆ ಬದಲಿಸಿ ಆಗಿತ್ತು. ಐದನೇದಕ್ಕೆ ಎದ್ದು ಹೋಗ್ಲಿಕ್ಕೆ ಕಾಲು ಬರ್ಲಿಲ್ಲ. ಆಮೇಲೆ ಕಾಲು ಬಂತು. ಆದ್ರೂ ಹೋಗ್ಲಿಲ್ಲ.’

‘ಆದ್ರೂ ಹೋಗ್ಲಿಲ್ಲ’ ಅನ್ನುವಾಗ ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು. ಗೇಲ್ ಜೆಫರ್ಸನ್ ಅನ್ನುವಾಕೆ ಮಾತನ್ನು ಬರೆದಿಡುವ ಒಂದು ಗುರುತಿನ ಕ್ರಮ ಮಾಡಿದ್ದಾರೆ. ಅದರಲ್ಲಿ ಉಸಿರು ಎಳೆಯುವುದಕ್ಕೂ ಗುರುತು ಇದೆ, ನಗುವಿಗೂ ಇದೆ, ಸುಮ್ಮನಿದ್ದರೆ ಸೆಕೆಂಡಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಅದೂ ಇದೆ. ಮೊದಲು ಕೇಳಿದಾಗ ಕೆಲಸ ಇಲ್ಲದವರ ಕೆಲಸ ಅನಿಸಿತ್ತು. ಈಗ ಕರೆ ಮುಗಿದ ಕೂಡಲೇ ನಾನೂ ನೋಟ್‌ಪುಸ್ತಕದಲ್ಲಿ ಚುಕ್ಕೆ ಇಡುತ್ತೇನೆ, ನೆನಪಿದ್ದಷ್ಟು. ನಾವು ಕರೆ ರೆಕಾರ್ಡ್ ಮಾಡುವುದಿಲ್ಲ.

‘ಯಾರಿಗಾದರೂ ಹೇಳಿದ್ದೀರಾ?’ ಅಂತ ಕೇಳಿದೆ. ‘ಯಾರಿಗೆ ಹೇಳುದು? ಯಾರಿದ್ದಾರೆ ನನಗೆ?’ ಅಂದರು. ಗಂಡ ಇದ್ದಾರೆ. ಅಮ್ಮ ಇದ್ದಾರೆ, ದಿನಾ ಫೋನ್ ಮಾಡುವ ಅಕ್ಕ ಇದ್ದಾಳೆ. ಮೊದಲಾಗಿದ್ದರೆ ‘ಹಾಗೆ ಹೇಳಬಾರದು, ಅಷ್ಟು ಜನ ಇದ್ದಾರಲ್ಲ’ ಅಂತ ಸಮಾಧಾನ ಹೇಳಿಬಿಡುತ್ತಿದ್ದೆ. ಸ್ಯಾಕ್ಸ್ ತನ್ನ 1966ರ ಪಿಎಚ್‌ಡಿ ಪ್ರಬಂಧ ಬರೆದದ್ದೇ ಈ ಮಾತಿನ ಮೇಲೆ. ಯಾರೂ ಇಲ್ಲ ಅಂತ ಕರೆ ಮಾಡುವವರಿಗೆ ಜನ ಇರುತ್ತಾರೆ. ಆದರೆ ಕಷ್ಟ ಹೇಳಬೇಕಾದದ್ದು ಗಂಡನಿಗೋ ಹೆಂಡತಿಗೋ ಅಂತ ಲೋಕದ ಲೆಕ್ಕ ಇದ್ದರೆ, ಅವರಿಗೇ ಹೇಳಬಾರದ ಕಷ್ಟ ಬಂದಾಗ ಆ ಪಟ್ಟಿ ಪೂರ್ತಿ ಖಾಲಿ. ಇಲ್ಲಿ ಅದೇ. ಆ ಮುದುಕಿ ಗಂಡನ ಅಮ್ಮ. ಅವನಿಗೆ ಹೇಗೆ ಹೇಳುವುದು? ಅಕ್ಕ ‘ನಿನ್ನಷ್ಟು ತಾಳ್ಮೆ ನನಗಿಲ್ಲಪ್ಪ’ ಅಂತ ಊರಿಡೀ ಹೊಗಳುವವಳು. ಅವಳಿಗೆ ಹೇಳಿದರೆ ಉಳಿದಿರುವ ಆ ಒಂದು ಹೊಗಳಿಕೆಯೂ ಹೋಯಿತು.

ನೇರವಾಗಿ ಕೇಳಬೇಕಾದದ್ದನ್ನು ನೇರವಾಗಿಯೇ ಕೇಳಿದೆ. ಸಾಯುವ ಯೋಚನೆ ಬಂದದ್ದುಂಟಾ? ‘ಇಲ್ಲ’ ತಟ್ಟನೆ ಬಂತು. ಅತ್ತೆಯ ಮೇಲೆ ಕೈ ಎತ್ತಿದ್ದುಂಟಾ? ‘ಇಲ್ಲಪ್ಪ.’ ಅದೂ ತಟ್ಟನೆ. ಮೈಯಲ್ಲಿ ಹುಣ್ಣು ಆಗಿದೆಯಾ? ಇಲ್ಲಿ ಸ್ವಲ್ಪ ತಡ. ‘ಬೆನ್ನಲ್ಲಿ ಒಂದು ಕಡೆ ಕೆಂಪಾಗಿದೆ.’ ಆ ತಡವನ್ನು ನಾನು ಗಮನಿಸಿದೆ.

ನಮ್ಮ ತಂಡದಲ್ಲಿ ಒಬ್ಬರು ಇದಕ್ಕೆ ನನ್ನ ಮೇಲೆ ಸಿಟ್ಟಾದರು. ‘ಅದು ಮುದುಕಿಗೆ ಮಾಡಿದ ಹಿಂಸೆ. ನೀವು ಊಟ ಆಯ್ತಾ ಅಂತ ಕೇಳ್ತೀರಿ!’ ಅವರ ಮಾತಿನಲ್ಲಿ ಹುರುಳಿದೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೆ ನಾನು ಬೈದಿದ್ದರೆ ಅವರು ಮತ್ತೊಮ್ಮೆ ಹೂಂ ಅಂದು ಫೋನ್ ಇಡುತ್ತಿದ್ದರು. ಬೆನ್ನು ಕೆಂಪಾದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಸಿಗೆಯಲ್ಲಿದ್ದ ಆ ಅತ್ತೆಗೆ ಯಾವುದರಿಂದ ಉಪಕಾರ, ನೀವೇ ಹೇಳಿ.

ಸಲಹೆ ಕೊಟ್ಟೆ. ಸುಮ್ಮನೆ ಕೇಳಿ ಕಳಿಸುವವಳಲ್ಲ ನಾನು. ಆದರೆ ಈ ಸಲ ಮೊದಲು ಕೇಳಿದೆ, ‘ದಿನದಲ್ಲಿ ಯಾವ ಹೊತ್ತು ಕೈ ಮೀರಿ ಹೋಗ್ತದೆ?’ ಮಧ್ಯಾಹ್ನ ಅಂದರು. ನಾದಿನಿಯ ಮಾತು ಎತ್ತಿದರೆ ಜಗಳ ಆಗ್ತದೆ ಅಂತಲೂ ಹೇಳಿದರು. ಆಗ ಪಂಚಾಯತಿನ ಪಾಲಿಯೇಟಿವ್ ನರ್ಸ್ ವಿಷಯ ತೆಗೆದೆ. ಕೇರಳ 2008ರಲ್ಲೇ ಇದಕ್ಕೆ ಒಂದು ನೀತಿ ಮಾಡಿದೆ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರುತ್ತಾರೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಹೆಸರು ಸೇರಿಸುತ್ತಾರೆ. ನಮ್ಮ ಕನ್ನಡ ಮನೆಗಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಕಾಗದಪತ್ರ ಎಲ್ಲ ಮಲಯಾಳದಲ್ಲಿ ಅಲ್ವಾ. ಗಂಡನಿಗೆ ಹೇಳಲಿಕ್ಕೆ ಒಂದೇ ಮಾತು ಆರಿಸಿಕೊಂಡೆವು: ‘ಮಧ್ಯಾಹ್ನ ಒಂದರಿಂದ ಮೂರು ನನ್ನಿಂದ ಆಗುದಿಲ್ಲ.’ ಒದ್ದೆ ಬಟ್ಟೆಯ ವಿಷಯ ಹೇಳಬೇಕಾ ಅಂತ ಕೇಳಿದರು. ಈಗ ಬೇಡ ಅಂದೆ. ಮನೆಯಲ್ಲಿ ಒಂದು ಸಲ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ನಮಗೆ ಹೇಳಿದ್ದು ಇಲ್ಲೇ ಇರುತ್ತದೆ.

ಕೇಳದೆ ಕೊಟ್ಟ ಸಲಹೆಗೆ ಏನಾಗುತ್ತದೆ ಅಂತ ಇಂಗ್ಲೆಂಡಿನಲ್ಲಿ ಜಾನ್ ಹೆರಿಟೇಜ್ ಮತ್ತು ಸ್ಯೂ ಸೆಫಿ ಅನ್ನುವ ಸಂಶೋಧಕರು ನೋಡಿದ್ದಾರೆ, 1992ರಲ್ಲಿ ಪ್ರಕಟವಾದದ್ದು. ಬಾಣಂತಿಯರ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರ ಮಾತುಕತೆ ಅದು. ಕಾರ್ಯಕರ್ತೆಯರು ಹೇಳುತ್ತಲೇ ಹೋಗುತ್ತಾರೆ, ತಾಯಂದಿರು ಬಹುಪಾಲು ‘ಹೂಂ’ ಅನ್ನುವಂಥದ್ದೇ ಏನೋ ಅಂದು ಸುಮ್ಮನಾಗುತ್ತಾರೆ. ನಮಗೆ ಇದು ಹೊಸತಲ್ಲ. ಪೂಜೆಗೆ ಕರೆದರೆ ಬರುವವರು ‘ಬರ್ತೇವೆ’ ಅಂತ ಕೂಡಲೇ ಹೇಳುತ್ತಾರೆ. ಬರದವರು ಹೇಳುವುದು, ‘ಅದೂ... ನೋಡುವ.’ ಆ ‘ನೋಡುವ’ ಕೇಳಿದ ಮೇಲೆ ಅವರ ಎಲೆ ಲೆಕ್ಕಕ್ಕೆ ಹಿಡಿಯುವವರು ಉಂಟಾ? ಮನೆಯಲ್ಲಿ ಗೊತ್ತಿರುವುದು ಫೋನಿನ ಎದುರು ಕೂತಾಗ ಮರೆತುಹೋಗುತ್ತದೆ.

ಇನ್ನೊಂದು ತಿದ್ದುಪಡಿ ಮಾಡಿಕೊಂಡೆ. ‘ಬೇರೆ ಏನೂ ಇಲ್ಲ ಅಲ್ವಾ?’ ಅನ್ನುವುದನ್ನು ಬಿಟ್ಟೆ. ‘ಇಲ್ಲ’ ಅಂತ ಉತ್ತರವನ್ನೂ ನಾವೇ ಕೈಗೆ ಕೊಟ್ಟ ಹಾಗೆ ಅದು. ಹೆರಿಟೇಜ್ ಮತ್ತು ಜೊತೆಯವರು 2007ರಲ್ಲಿ ಅಮೆರಿಕದ 20 ವೈದ್ಯರನ್ನು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ‘ಬೇರೆ ಏನಾದರೂ’ ಅನ್ನುವ ಧಾಟಿಯ ಪ್ರಶ್ನೆಯನ್ನು ಒಂದೇ ಒಂದು ಪದ ಬದಲಿಸಿ (‘ಎನಿ’ ಇದ್ದಲ್ಲಿ ‘ಸಮ್’), ‘ಇನ್ನೂ ಏನೋ ಇದೆ’ ಅಂತ ನಂಬಿದವರ ಧಾಟಿಗೆ ತಂದಾಗ, ರೋಗಿಗಳು ಹೇಳದೆ ಉಳಿಸಿಕೊಳ್ಳುತ್ತಿದ್ದ ದೂರುಗಳು ಬಹಳ ಕಡಿಮೆಯಾದವು. ನಾನು ಈಗ ‘ಇನ್ನೆಂತದೋ ಹೇಳ್ಲಿಕ್ಕಿತ್ತಲ್ಲ?’ ಅನ್ನುತ್ತೇನೆ. ಕರೆ ಉದ್ದವಾಗುತ್ತದೆ, ನಿಜ. ಒಂಬತ್ತು ಗಂಟೆಯ ಮೇಲೆ ಕಾಯಲಾಗದವರಿಗೆ ಹಗಲು ರಾತ್ರಿ ಎತ್ತುವ ಸರಕಾರದ ಸಹಾಯವಾಣಿ ಟೆಲಿ-ಮಾನಸ್, 14416 ಇದೆ, ಆ ನಂಬರ್ ಎಲ್ಲರಿಗೂ ಹೇಳುತ್ತೇನೆ. ಸಾಯುವ ಮಾತು ಬಂದ ಕರೆಯಲ್ಲಿ ಮಾತ್ರ ಈ ಕಾಯುವುದು, ಸೀಟಿ ಎಣಿಸುವುದು ಯಾವುದೂ ಇಲ್ಲ. ಅಲ್ಲಿ ಕೂಡಲೇ ಕೇಳಬೇಕು, ಕೂಡಲೇ ಜನ ಸೇರಿಸಬೇಕು.

ಒಂದು ತಿಂಗಳ ಮೇಲೆ ಅವರು ಮೂರನೇ ಸಲ ಕರೆ ಮಾಡಿದರು. ನರ್ಸ್ ಬಂದಿದ್ದರಂತೆ. ಬೆನ್ನಿಗೆ ಔಷಧ, ಮಗ್ಗುಲು ಬದಲಿಸುವ ಕ್ರಮ ಎಲ್ಲ ಹೇಳಿಕೊಟ್ಟರಂತೆ. ಅತ್ತೆಗೆ ಮಲಯಾಳ ಬರುವುದಿಲ್ಲ, ನರ್ಸಿಗೆ ಕನ್ನಡ ಬರುವುದಿಲ್ಲ. ನಡುವೆ ಇವರು.

‘ಅತ್ತೆ ನನ್ನ ಮೇಲೆ ಶುರು ಮಾಡಿದ್ರು ಟೀಚರೇ. ಕಾಫಿ ತಣಿದ ಮೇಲೆ ಕೊಡ್ತಾಳೆ, ಕರೆದ್ರೆ ಬರುದಿಲ್ಲ ಅಂತೆಲ್ಲ. ನರ್ಸ್ ನನ್ನ ಮುಖ ನೋಡಿ, ಅಮ್ಮ ಎಂತ ಹೇಳ್ತಾರೆ ಅಂತ ಕೇಳಿದ್ರು. ನನ್ನ ದೂರು ನಾನೇ ಮಲಯಾಳದಲ್ಲಿ ಹೇಳ್ಬೇಕಾಯ್ತು.’

‘ಪೂರ್ತಿ ಹೇಳಿದ್ರಾ?’

ಆಚೆ ನಗು ಕೇಳಿಸಿತು. ‘ಕಾಫಿದು ಮಾತ್ರ ಹೇಳಿದೆ.’