ಓದುಗರ ಪ್ರಶ್ನೆ: ಬುದ್ಧಿಲಬ್ಧ (ಐಕ್ಯೂ) 68 ಎಂದರೆ ಏನೆಂದು ತಿಳಿಯಬೇಕು?

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ತಾಂಡಾದಿಂದ ಬರುವ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಬುದ್ಧಿಶಕ್ತಿ ಅಳೆಯುವ ಬಿನೆ-ಕಾಮತ್ ಪರೀಕ್ಷೆ ಮಾಡಿ ಬುದ್ಧಿಲಬ್ಧ 68 ಎಂದು ವರದಿ ಕೊಟ್ಟಿದ್ದಾರೆ. ಓದು ಬರಹದಲ್ಲಿ ಬಹಳ ಹಿಂದಿದ್ದಾನೆ. ಆದರೆ ಸಂತೆಯಲ್ಲಿ ಅಪ್ಪನ ಜೊತೆ ಕುಳಿತರೆ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಅವನನ್ನು ವಿಶೇಷ ಶಾಲೆಗೆ ಕಳಿಸಬೇಕೆ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ಒಂದು ಅಂಕಿಯ ಬಲದ ಮೇಲೆ ಕಳಿಸಬೇಡಿ. ಅದು ಹೇಗೆ ಬಂತೆಂಬುದನ್ನು ಮೊದಲು ನೋಡಿ. ಹುಡುಗನ ವಯಸ್ಸು 132 ತಿಂಗಳು. ಸುಲಭದಿಂದ ಕಠಿಣಕ್ಕೆ ಏರುವ ಪ್ರಶ್ನೆಗಳಲ್ಲಿ ಅವನು ಉತ್ತರಿಸಿದ್ದನ್ನೆಲ್ಲ ಕೂಡಿಸಿದಾಗ ಮಾನಸಿಕ ವಯಸ್ಸು (ಅವನ ಉತ್ತರಗಳು ಯಾವ ವಯಸ್ಸಿನ ಮಕ್ಕಳಿಗೆ ಸಮ ಎಂಬ ಲೆಕ್ಕ) ಸುಮಾರು 90 ತಿಂಗಳು ಬಂದಿರಬೇಕು. 90ನ್ನು 132ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 68. ಇನ್ನೊಂದೆರಡು ಸರಿಯುತ್ತರಗಳಿಂದ ನಾಲ್ಕೇ ತಿಂಗಳು ಹೆಚ್ಚಿಗೆ ಸೇರಿದ್ದರೆ ಅಂಕಿ 71 ಆಗಿ, ಬೌದ್ಧಿಕ ವೈಕಲ್ಯದ ಗಡಿಯೆಂದು ಎಲ್ಲರೂ ಹೆದರುವ 70ರ ಗೆರೆಯನ್ನು ದಾಟುತ್ತಿತ್ತು. ಇಂಥ ಪರೀಕ್ಷೆಗಳಲ್ಲಿ ಐದಂಕದ ಹೆಚ್ಚುಕಡಿಮೆ ಸಹಜವೆಂದು ಪರೀಕ್ಷಕರೇ ಒಪ್ಪುತ್ತಾರೆ.

ತಾಂಡಾದ ಹುಡುಗನೆಂದು ಬರೆದಿದ್ದೀರಿ; ಮನೆಮಾತು ಲಂಬಾಣಿ ಇದ್ದೀತು. ಪದದ ಅರ್ಥ ಹೇಳುವುದು, ಚಿತ್ರ ನೋಡಿ ವಿವರಿಸುವುದು, ಕೇಳಿದ ವಾಕ್ಯವನ್ನು ಹಾಗೆಯೇ ಮರಳಿ ಹೇಳುವುದು, ಇಂಥವೆಲ್ಲ ಕನ್ನಡದಲ್ಲಿ ನಡೆದಿದ್ದರೆ ಅಳೆದದ್ದು ಬುದ್ಧಿಯನ್ನೋ ಕನ್ನಡವನ್ನೋ ಎಂದು ಕೇಳುವ ಹಕ್ಕು ನಿಮಗಿದೆ. ವಿ. ವಿ. ಕಾಮತ್ ಅವರು 1934ರಲ್ಲಿ ಈ ಪರೀಕ್ಷೆಯನ್ನು ಹೊಂದಿಸಿದ್ದು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ, ಅದೂ ತೊಂಬತ್ತು ವರ್ಷಗಳ ಹಿಂದೆ. ಹುಡುಗನಿಗೆ ಹನ್ನೊಂದು ತುಂಬಿರುವುದರಿಂದ, ಮಾತಿನ ಅವಲಂಬನೆ ಕಡಿಮೆಯಿರುವ ಭಾಟಿಯಾ ಕ್ರಿಯಾತ್ಮಕ ಪರೀಕ್ಷೆಯನ್ನೂ ಮಾಡಿಸಬಹುದು. ಅದಕ್ಕೂ ಮೊದಲು ಕಿವಿ, ಕಣ್ಣು ತೋರಿಸಿ. ಈ ಸಾಮಾನ್ಯ ಕೆಲಸವೇ ಎಷ್ಟೋ ಬಾರಿ ಬಿಟ್ಟುಹೋಗಿರುತ್ತದೆ.

ಕಾನೂನೂ ಅಂಕಿಯೊಂದನ್ನೇ ನಂಬುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಬೌದ್ಧಿಕ ವೈಕಲ್ಯವೆನ್ನಬೇಕಾದರೆ ವಿಚಾರಶಕ್ತಿ, ಕಲಿಕೆಗಳಲ್ಲಿನ ಕೊರತೆಯ ಜೊತೆಗೆ ದಿನನಿತ್ಯದ ಬದುಕಿನ ಹೊಂದಾಣಿಕೆಯಲ್ಲೂ ಗಣನೀಯ ಕೊರತೆ ಇರಬೇಕು. ಆದ್ದರಿಂದ ಸಂತೆಯ ಚಿಲ್ಲರೆ ಲೆಕ್ಕವನ್ನು ಕಡೆಗಣಿಸಲಾಗದು. ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕದಿಂದ ಈ ಹೊಂದಾಣಿಕೆಯನ್ನು ಅಳೆಯುವವರಿಗೆ ಅದನ್ನು ತಪ್ಪದೆ ತಿಳಿಸಿ. ಲೆಕ್ಕ ಚುರುಕಾಗಿದ್ದು ಒತ್ತಕ್ಷರ, ಕಾಗುಣಿತಗಳಲ್ಲಿ ಮಾತ್ರ ಎಡವುತ್ತಿದ್ದರೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಪರಿಶೀಲಿಸಬೇಕು. ಆ ನ್ಯೂನತೆಯೂ ಇದೇ ಕಾಯ್ದೆಯಲ್ಲಿ ಸೇರಿದೆ. ವಿಕಲತೆಯುಳ್ಳ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ದ್ವಿತೀಯ, ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದವುಗಳ ಪ್ರಸ್ತಾಪವೂ ಅದರಲ್ಲಿದೆ. ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕರೆಸಿ ಮಾತಾಡಿ. ಮರುಪರೀಕ್ಷೆಯಲ್ಲಿ ಬೌದ್ಧಿಕ ವೈಕಲ್ಯವೇ ಖಚಿತವಾಗಿ ಅದರ ಪ್ರಮಾಣ ಶೇಕಡಾ 40 ಅಥವಾ ಹೆಚ್ಚು ಎಂದು ಬಂದರೂ, 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಆಯ್ಕೆ ಅವನ ಮನೆಯವರದು.

ಪ್ರಶ್ನೆ: ವಿಶೇಷ ಶಿಕ್ಷಣಕ್ಕೆ ತಳಹದಿ, ಬುದ್ಧಿಶಕ್ತಿಯ ಬಗ್ಗೆ ಮನೋವಿಜ್ಞಾನಿ ಸ್ಪಿಯರ್‌ಮನ್‌ರ ಸಿದ್ಧಾಂತವೋ ಗಾರ್ಡ್‌ನರ್ ಅವರದೋ?
— ಬಿ.ಎಡ್. ವಿದ್ಯಾರ್ಥಿ, ಮೈಸೂರು

ಉತ್ತರ: ಎರಡೂ ಅಲ್ಲ. ಒಂದು ಪರೀಕ್ಷೆಯಲ್ಲಿ ಮುಂದಿರುವವರು ಬೇರೆ ಪರೀಕ್ಷೆಗಳಲ್ಲೂ ಮುಂದಿರುವುದನ್ನು ಕಂಡು, ಎಲ್ಲದರ ಹಿಂದೆ ಸಾಮಾನ್ಯ ಅಂಶವೊಂದಿದೆ ಎಂದು ಸ್ಪಿಯರ್‌ಮನ್ ಹೇಳಿದ್ದು 1904ರಲ್ಲಿ. ಬುದ್ಧಿ ಒಂದಲ್ಲ, ಹಲವು ಎಂದು ಗಾರ್ಡ್‌ನರ್ ವಾದಿಸಿದ್ದು 1983ರಲ್ಲಿ. ಶಿಕ್ಷಕರಿಗೆ ಅದು ಪ್ರಿಯವಾದಷ್ಟು ಪ್ರಯೋಗಗಳಿಂದ ಸಿದ್ಧವಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಇವರಿಬ್ಬರಿಗಿಂತ ಎಷ್ಟೋ ಮೊದಲು, 1801ರ ವೇಳೆಗೇ, ಫ್ರಾನ್ಸಿನ ಅವೆರಾನ್ ಕಾಡಿನಲ್ಲಿ ಸಿಕ್ಕ ವಿಕ್ಟರ್ ಎಂಬ ಹುಡುಗನಿಗೆ ವೈದ್ಯ ಇಟಾರ್ಡ್ ಪ್ಯಾರಿಸ್ಸಿನಲ್ಲಿ ಪಾಠ ಶುರುಮಾಡಿದ್ದರು. ಹುಡುಗನಿಗೆ ಮಾತು ಹೆಚ್ಚೇನೂ ಬರಲಿಲ್ಲ. ಆದರೆ ಹಾಲು ಎಂಬ ಪದದ ಅಕ್ಷರಗಳನ್ನು ಸಾಲಾಗಿ ಜೋಡಿಸುವುದನ್ನು ಕಲಿತ. ಆ ವಿಧಾನವನ್ನು ಅವರ ಶಿಷ್ಯ ಸೆಗಾನ್ ಬೆಳೆಸಿದರು, ಸೆಗಾನ್‌ರನ್ನು ಓದಿ ಮಾಂಟೆಸ್ಸರಿ ರೋಮಿನಲ್ಲಿ ಮೊದಲು ಬುದ್ಧಿಮಾಂದ್ಯ ಮಕ್ಕಳಿಗೆ, 1907ರಿಂದ ಸಾಮಾನ್ಯ ಮಕ್ಕಳಿಗೆ ಬಳಸಿದರು. ಇಂದು ನೀವು ಸಂಪನ್ಮೂಲ ಕೊಠಡಿಯಲ್ಲಿ ನೋಡುವ, ಬೆರಳಾಡಿಸಿ ಕಲಿಯುವ ಉಪ್ಪುಕಾಗದದ ಅಕ್ಷರಗಳು ಬಂದದ್ದು ಆ ದಾರಿಯಲ್ಲಿ.